ಹೊಸ ಟರ್ಬೋ ನಾಲ್ಕೇ ದಿನಕ್ಕೆ ಕೂಗುತ್ತಿದೆಯೇ? ಆಯಿಲ್ ಬರುವ ದಾರಿ ಹಿಡಿದು ಹುಡುಕಿ

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಉಡುಪಿ ಸಂತೆಕಟ್ಟೆಯ ನಮ್ಮ ಗ್ಯಾರೇಜಿಗೆ ಒಬ್ಬರು ಮಾಸ್ಟ್ರು ಬಂದರು. ರಿಟೈರ್ ಆದವರು. 1.3 ಲೀಟರಿನ ಡೀಸೆಲ್ ಕಾರು, ಓಡಿದ್ದು 1,12,000 ಕಿಲೋಮೀಟರ್. ಟರ್ಬೋ ಹೋಯಿತೆಂದು ಬೇರೆ ಕಡೆ ಹೊಸದು ಹಾಕಿಸಿದ್ದರು. ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ ಅದು; ಒಂದೇ ಶಾಫ್ಟಿಗೆ ಸೈಲೆನ್ಸರ್ ಕಡೆ ಒಂದು ಚಕ್ರ, ಗಾಳಿ ಕಡೆ ಒಂದು ಚಕ್ರ. ಹಾಕಿಸಿದ ನಾಲ್ಕನೇ ದಿನ ಪಡುಬಿದ್ರಿ ದಾಟುವಾಗ ಬಾನೆಟ್ಟಿನೊಳಗೆ ಆಂಬ್ಯುಲೆನ್ಸ್ ಬಂದ ಹಾಗೆ ಕೂಗು. ಹಿಂದೆ ನೋಡಿದರೆ ನೀಲಿ ಹೊಗೆ.

"ಪಾರ್ಟೇ ಡೂಪ್ಲಿಕೇಟ್ ಇರಬೇಕು, ಅಲ್ವಾ?" ಎಂದು ಕೇಳಿದರು.

"ಇರಬಹುದು ಮಾಸ್ಟ್ರೇ. ಆದ್ರೆ ಮೊದಲು ಆಯಿಲ್ ನೋಡುವ" ಎಂದೆ.

ಹೊಸ ಟರ್ಬೋ ವಾರದೊಳಗೆ ಹೋದರೆ ಎಲ್ಲರೂ ಪಾರ್ಟಿಗೇ ಬೈಯುತ್ತಾರೆ. ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನವು ಆಯಿಲ್ ಸಿಗದೆ ಹೋದವು. ಹಳೆಯದನ್ನು ಕೊಂದ ಕಾರಣ ಕಾರಿನಲ್ಲೇ ಕೂತಿರುತ್ತದೆ, ಅದೇ ಹೊಸದನ್ನೂ ತಿನ್ನುತ್ತದೆ. ಇಲ್ಲದಿದ್ದರೆ ಹಾಕಿದವರು ಒಣ ಟರ್ಬೋವನ್ನೇ ಕೂರಿಸಿ ಕೀ ತಿರುಗಿಸಿರುತ್ತಾರೆ. ಮಾಸ್ಟ್ರ ಕಾರಿನಲ್ಲಿ ಎರಡೂ ಆಗಿತ್ತು.

ಬಿಚ್ಚುವ ಮೊದಲು ಕಿವಿ ಕೊಡಿ

ಶಬ್ದ ಬಂತೆಂದ ಕೂಡಲೇ ಟರ್ಬೋ ಇಳಿಸಬೇಡಿ. ಟರ್ಬೋ ಬದಲಿಸಿದ ಕಾರಿನಲ್ಲಿ ಗಾಳಿಯ ಹೋಸ್ ಸರಿಯಾಗಿ ಕೂರದೆ ಇರುವುದು ಮಾಮೂಲು. ಹೋಸ್ ಸೋರಿದರೆ 'ಬುಸ್' ಎಂಬ ಗಾಳಿ ಶಬ್ದ. ರೇಸ್ ಕೊಟ್ಟಾಗ ಮಾತ್ರ ಬರುತ್ತದೆ. ಪಿಕಪ್ ಇರುವುದಿಲ್ಲ, ಹೊಗೆ ಕಪ್ಪು. ಕ್ಲಿಪ್ ಬಿಗಿ ಮಾಡಿ, ಜಾಯಿಂಟಿಗೆ ಸೋಪು ನೀರು ಹಚ್ಚಿ ನೋಡಿದರೆ ಸಿಕ್ಕಿಬಿಡುತ್ತದೆ. ಐದು ನಿಮಿಷದ ಕೆಲಸ.

ಬೇರಿಂಗ್ ಹೋದ ಟರ್ಬೋದ ಕೂಗು ಬೇರೆ. ಎಂಜಿನ್ ಸ್ಪೀಡ್ ಏರಿದ ಹಾಗೆ ಅದರ ಸ್ವರವೂ ಏರುತ್ತದೆ. ರೇಸ್ ಬಿಟ್ಟ ಮೇಲೂ ಕೂಗುತ್ತಾ ಇಳಿಯುತ್ತದೆ. ಜೊತೆಗೆ ನೀಲಿ ಹೊಗೆ ಇದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆದರೆ ನೀಲಿ ಹೊಗೆ ಎಂಜಿನ್ನಿನ ರಿಂಗ್ ಸವೆದರೂ ಬರುತ್ತದೆ. ಎಂಜಿನ್ ಐಡಲಿಂಗ್‌ನಲ್ಲಿ ಇರುವಾಗ ಆಯಿಲ್ ತುಂಬುವ ಮುಚ್ಚಳ ತೆರೆದು ನೋಡಿ. ಗಂಜಿ ಪಾತ್ರೆಯ ಹಾಗೆ ಬುಸುಬುಸು ಹೊಗೆ ಉಗುಳುತ್ತಿದ್ದರೆ ಟರ್ಬೋದ ಮಾತು ಆಮೇಲೆ, ಮೊದಲು ಎಂಜಿನ್ ನೋಡಬೇಕು.

ಆಮೇಲೆ ಕೈ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಏರ್ ಫಿಲ್ಟರ್ ಕಡೆಯ ಹೋಸ್ ತೆಗೆದರೆ ಟರ್ಬೋದ ಗಾಳಿ ಚಕ್ರ ಕಾಣುತ್ತದೆ. ಅದರ ಮೂಗನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಮೇಲೆ-ಕೆಳಗೆ ಸ್ವಲ್ಪ ಆಡುತ್ತದೆ, ಅದಕ್ಕೆ ಹೆದರಬೇಡಿ. ಶಾಫ್ಟಿಗೂ ಅದನ್ನು ಸುತ್ತಿದ ಬುಷ್ ಎಂಬ ಲೋಹದ ಬಳೆಗೂ ನಡುವೆ ಆಯಿಲ್ ನಿಲ್ಲಲು ಬಿಟ್ಟ ಜಾಗ ಅದು. ಆದರೆ ಅಲ್ಲಾಡಿಸುವಾಗ ಚಕ್ರದ ರೆಕ್ಕೆ ಹೊರಗಿನ ಗೋಡೆಗೆ ತಾಗಬಾರದು. ಒಳಗೆ-ಹೊರಗೆ ಎಳೆದರೆ ಕೈಗೆ ತಿಳಿಯುವಷ್ಟು ಆಡಲೇಬಾರದು. ಮಾಸ್ಟ್ರ ಕಾರಿನದು ಎರಡೂ ಕಡೆ ಲೊಟಲೊಟ. ರೆಕ್ಕೆಯ ತುದಿ ಗೋಡೆಯನ್ನು ಕೆರೆದು ಹೊಳೆಯುತ್ತಿತ್ತು.

ಶಾಫ್ಟಿನ ಬಣ್ಣ ಸುಳ್ಳು ಹೇಳುವುದಿಲ್ಲ

ಇಳಿಸುವುದೇ ದೊಡ್ಡ ಕೆಲಸವಾಯಿತು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಸೈಲೆನ್ಸರ್ ಕಡೆಯ ನಟ್ಟುಗಳು ತುಕ್ಕು ಹಿಡಿದು ಸ್ಟಡ್ಡಿಗೆ ಅಂಟಿಕೊಂಡಿರುತ್ತವೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಬೇಕು. ಆತುರಪಟ್ಟರೆ ಸ್ಟಡ್ ಮುರಿದು ಇನ್ನೊಂದು ದಿನ ಹೋಗುತ್ತದೆ.

ಕೋರ್, ಅಂದರೆ ಶಾಫ್ಟ್ ಇರುವ ನಡುಭಾಗ, ಬಿಚ್ಚಿದಾಗ ಶಾಫ್ಟಿನಲ್ಲಿ ಬುಷ್ ಕೂರುವ ಜಾಗ ನೀಲಿಗಟ್ಟಿತ್ತು. ಇದನ್ನು ನೋಡಲು ಕಲಿಯಿರಿ. ನೀಲಿ ಬಣ್ಣ ಅಂದರೆ ಆಯಿಲ್ ಇಲ್ಲದೆ ಉಜ್ಜಿ ಕಾದದ್ದು. ಬಣ್ಣ ಸರಿಯಿದ್ದು ಬರೀ ಗೀರು ಬಿದ್ದಿದ್ದರೆ ಆಯಿಲಿನಲ್ಲಿ ಕಸ ಅಥವಾ ಲೋಹದ ಪುಡಿ ಇತ್ತು. ಶಾಫ್ಟ್ ಮತ್ತು ಒಳಗೋಡೆಗೆ ಕಪ್ಪು ಗಟ್ಟಿ ಕರಿ ಅಂಟಿದ್ದರೆ ಆಯಿಲ್ ಒಳಗೇ ಸುಟ್ಟಿದೆ. ಗಾಳಿ ಚಕ್ರದ ರೆಕ್ಕೆಯ ಮುಂಭಾಗವೇ ತಿಂದು ಹೋಗಿದ್ದರೆ ಫಿಲ್ಟರ್ ಕಡೆಯಿಂದ ಏನೋ ಒಳಗೆ ಬಂದಿದೆ, ಅದಕ್ಕೂ ಆಯಿಲಿಗೂ ಸಂಬಂಧವಿಲ್ಲ.

ಟರ್ಬೋ ಶಾಫ್ಟಿಗೆ ಬಾಲ್ ಬೇರಿಂಗ್ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ರಸ್ತೆಯ ಹೆಚ್ಚಿನ ಕಾರುಗಳಲ್ಲಿ ಇರುವುದು ಬುಷ್. ಶಾಫ್ಟ್ ಬುಷ್ಷಿಗೆ ತಾಗುವುದೇ ಇಲ್ಲ. ಒತ್ತಡದಲ್ಲಿ ಬಂದ ಆಯಿಲಿನ ತೆಳು ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಡೀಸೆಲ್ ಎಂಜಿನ್ ಜೋರೆಂದರೆ ನಿಮಿಷಕ್ಕೆ 4,500ರಿಂದ 5,000 ಸುತ್ತು ತಿರುಗೀತು. ಸಣ್ಣ ಕಾರಿನ ಟರ್ಬೋ ಭಾರ ಎಳೆಯುವಾಗ 1,50,000 ದಾಟುತ್ತದೆ. ಆ ವೇಗದಲ್ಲಿ ಆಯಿಲ್ ಇಲ್ಲದೆ ಕೆಲವು ಸೆಕೆಂಡು ಸಾಕು. ಗಾಯ ಆಗುವುದು ಮೊದಲ ಅರ್ಧ ನಿಮಿಷದಲ್ಲಿ, ಕೂಗು ಕೇಳುವುದು ನಾಲ್ಕು ದಿನ ಬಿಟ್ಟು. ಅದಕ್ಕೇ ಹಾಕಿದವರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

"ಹಾಕಿದ ಕೂಡಲೇ ಏನು ಮಾಡಿದರು ಮಾಸ್ಟ್ರೇ, ನೀವು ಅಲ್ಲೇ ಇದ್ರಾ?"

"ಇದ್ದೆ. ಬೋಲ್ಟ್ ಬಿಗಿ ಮಾಡಿ ಸ್ಟಾರ್ಟ್ ಮಾಡಿದರು. ಎರಡು ಸಲ ಜೋರಾಗಿ ರೇಸ್ ಕೊಟ್ಟು, ಪಿಕಪ್ ಬಂತು, ತಕೊಂಡು ಹೋಗಿ ಅಂದರು."

ಪ್ರೈಮಿಂಗ್, ಅಂದರೆ ಸ್ಟಾರ್ಟ್ ಮಾಡುವ ಮೊದಲೇ ಟರ್ಬೋದೊಳಗೆ ಆಯಿಲ್ ತುಂಬುವುದು, ಮಾಡಿರಲಿಲ್ಲ. ಆದರೂ ಅಲ್ಲಿಗೇ ನಿಲ್ಲಿಸುವ ಹಾಗಿಲ್ಲ. ಒಣ ಸ್ಟಾರ್ಟಿನಿಂದ ಸುಟ್ಟದ್ದೂ, ಪೈಪ್ ಕಟ್ಟಿ ಸುಟ್ಟದ್ದೂ ನೋಡಲು ಒಂದೇ ಥರ. ನೀಲಿ ಶಾಫ್ಟ್ ಕಂಡರೆ ಎರಡನ್ನೂ ಹುಡುಕಬೇಕು.

ಆಯಿಲ್ ಬರುವ ದಾರಿ, ಹೋಗುವ ದಾರಿ

ಎಂಜಿನ್ನಿನಿಂದ ಟರ್ಬೋಗೆ ಆಯಿಲ್ ತರುವುದು ಒಂದು ಸಪೂರ ಪೈಪ್. ತುದಿಯಲ್ಲಿ ಬ್ಯಾಂಜೋ ಬೋಲ್ಟ್ (ಒಳಗೆ ಆಯಿಲ್ ಹೋಗುವ ತೂತಿರುವ ಬೋಲ್ಟ್), ಪೈಪಿನ ತುದಿಯ ಎರಡೂ ಕಡೆ ತಾಮ್ರದ ವಾಷರ್. ಕೆಲವು ಕಾರುಗಳಲ್ಲಿ ಆ ಬೋಲ್ಟಿನೊಳಗೇ ಸಣ್ಣ ಜಾಲರಿ ಇರುತ್ತದೆ. ಇದೆಯೆಂದೇ ಗೊತ್ತಿಲ್ಲದೆ ಹಳೆಯ ಬೋಲ್ಟನ್ನೇ ಮತ್ತೆ ಹಾಕುವವರು ಇದ್ದಾರೆ.

ಮಾಸ್ಟ್ರ ಕಾರಿನಲ್ಲಿ ಆ ಪೈಪ್ ಹಳೆಯದೇ ಇತ್ತು. ಹೊರಗಿನಿಂದ ಒರೆಸಿ ಹೊಳೆಯುವ ಹಾಗೆ ಮಾಡಿದ್ದರು. ಊದಿ ನೋಡಿದರೆ ಗಾಳಿ ಹೋಗುತ್ತಿತ್ತು. ಇಲ್ಲಿಯೇ ಮೋಸ ಹೋಗುವುದು. ಎಂಜಿನ್ ಆಯಿಲ್ ಗಾಳಿಯ ಹಾಗೆ ಸಲೀಸಾಗಿ ನುಗ್ಗುವುದಿಲ್ಲ. ಗರಗಸದಲ್ಲಿ ಎರಡು ತುಂಡು ಮಾಡಿ ತೋರಿಸಿದೆ. ಒಳಗೆ ಕರಿ ಕಟ್ಟಿ, ಇದ್ದ ತೂತಿನಲ್ಲಿ ಗುಂಡುಸೂಜಿ ಹೋಗುವಷ್ಟೇ ಜಾಗ. ತಂತಿ ಹಾಕಿ ಕೆರೆದು ತೊಳೆದು ಮತ್ತೆ ಹಾಕೋಣ ಅನ್ನುವವರಿಗೆ ನನ್ನ ಉತ್ತರ ಒಂದೇ: ಬೇಡ. ಕೆರೆದ ಕರಿಯ ಚೂರು ಸೀದಾ ಹೊಸ ಬುಷ್ಷಿಗೆ ಹೋಗುತ್ತದೆ. ಟರ್ಬೋದ ಬೆಲೆಯ ಮುಂದೆ ಪೈಪಿನ ಬೆಲೆ ಏನೂ ಅಲ್ಲ.

ಆ ಕರಿ ಹೇಗೆ ಕಟ್ಟಿತು? ಮಾಸ್ಟ್ರ ಮಗಳನ್ನು ಕೊಟ್ಟದ್ದು ತೀರ್ಥಹಳ್ಳಿಗೆ. ಹದಿನೈದು ದಿನಕ್ಕೊಮ್ಮೆ ಆಗುಂಬೆ ಘಾಟಿ. 14 ತಿರುವು ಎರಡನೇ ಗೇರಿನಲ್ಲಿ ಏರಿ, ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿ ಕೂಡಲೇ ಕೀ ತೆಗೆಯುವುದು. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಂತಿತು. ಕೆಂಪಗೆ ಕಾದ ಸೈಲೆನ್ಸರ್ ಕಡೆಯ ಚಕ್ರದ ಬಿಸಿ ಮಾತ್ರ ಶಾಫ್ಟಿನುದ್ದಕ್ಕೂ ಇಳಿಯುತ್ತದೆ. ಪೈಪಿನಲ್ಲಿ ನಿಂತ ಆಯಿಲ್ ಅಲ್ಲೇ ಬೇಯುತ್ತದೆ. ವರ್ಷಗಟ್ಟಲೆ ಹೀಗೆ ಆದರೆ ದೋಸೆ ಕಾವಲಿಯ ಅಂಚಿನ ಹಾಗೆ ಪದರ ಪದರ ಕರಿ. ಘಾಟಿ ಹತ್ತಿದ ಮೇಲೆ ಒಂದೆರಡು ನಿಮಿಷ ಐಡಲಿಂಗ್‌ನಲ್ಲಿ ಬಿಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು ಹೋಗುವ ದಾರಿ. ಟರ್ಬೋದಿಂದ ಹೊರಬರುವ ಆಯಿಲಿಗೆ ಒತ್ತಡವಿಲ್ಲ. ನೊರೆಯಾಗಿ, ತನ್ನ ಭಾರದಿಂದಲೇ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯಬೇಕು. ಅದಕ್ಕೇ ಆ ಪೈಪ್ ದಪ್ಪ. ಟರ್ಬೋದೊಳಗೆ ಆಯಿಲ್ ತಡೆಯಲು ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಲೋಹದ ರಿಂಗ್. ಆಯಿಲ್ ತುಂಬಿ ನಿಂತರೆ ಅದು ತಡೆಯುವುದಿಲ್ಲ. ಆದ್ದರಿಂದ ಶಾಫ್ಟ್ ಆಡುತ್ತಿಲ್ಲ, ಆದರೂ ನೀಲಿ ಹೊಗೆ ಬರುತ್ತದೆ ಎಂದಾದರೆ ಟರ್ಬೋ ಬದಲಿಸಲು ಓಡಬೇಡಿ. ಅಂಗಳದ ತೋಡು ಕಟ್ಟಿ ಮನೆಯೊಳಗೆ ನೀರು ಬಂದರೆ ಮಾಡಿನ ಹಂಚು ಬದಲಿಸುತ್ತೇವಾ? ರಿಟರ್ನ್ ಪೈಪ್ ಮಡಚಿದೆಯಾ, ಗ್ಯಾಸ್ಕೆಟ್ ತೂತಿಗೆ ಅಡ್ಡ ಬಂದಿದೆಯಾ, ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿದೆಯಾ, ಚೇಂಬರಿನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಜಾಸ್ತಿ ಇದೆಯಾ ನೋಡಿ. ಏರ್ ಫಿಲ್ಟರ್ ಧೂಳು ತುಂಬಿದ್ದರೂ ಗಾಳಿ ಚಕ್ರ ಆಯಿಲನ್ನು ತನ್ನ ಕಡೆ ಎಳೆಯುತ್ತದೆ.

ಸಿಲಿಕಾನ್ ಪೇಸ್ಟ್ ಬಗ್ಗೆ ಒಂದು ಮಾತು. ಗ್ಯಾಸ್ಕೆಟ್ ಸಿಗಲಿಲ್ಲವೆಂದು ಟರ್ಬೋದ ಆಯಿಲ್ ಜಾಯಿಂಟಿಗೆ ಪೇಸ್ಟ್ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಬಿಗಿ ಮಾಡಿದಾಗ ಹೆಚ್ಚಾದದ್ದು ಒಳಗೆ ಉಬ್ಬಿ, ಒಣಗಿ, ಚೂರಾಗಿ ದಾರಿಗೆ ಬೀಳುತ್ತದೆ. ಎರಡು ದಿನ ಕಾದು ಗ್ಯಾಸ್ಕೆಟ್ ತರಿಸಿ.

ಹಳೆಯ ಟರ್ಬೋ ಚೂರಾಗಿ ಹೋಗಿದ್ದರೆ ಚೇಂಬರ್ ಇಳಿಸಿ ಸ್ಟ್ರೈನರ್ (ಪಂಪಿಗೆ ಹೋಗುವ ಆಯಿಲ್ ಸೋಸುವ ಜಾಲರಿ) ತೊಳೆಯಲೇಬೇಕು. ಹೊಸ ಆಯಿಲ್, ಹೊಸ ಫಿಲ್ಟರ್. ಮಾಸ್ಟ್ರ ಕಾರಿನ ಸ್ಟ್ರೈನರಿನಲ್ಲಿ ತಾರಿನಂಥ ಕೆಸರು ಕಾಲುಭಾಗ ಮುಚ್ಚಿತ್ತು.

ಪ್ರೈಮಿಂಗ್: ನಾವು ಮಾಡುವ ಕ್ರಮ

ಹೊಸ ಟರ್ಬೋವನ್ನು ಪೆಟ್ಟಿಗೆಯಿಂದ ತೆಗೆಯುವಾಗ ಗಾಳಿಯ ಒತ್ತಡ ಹಿಡಿತದಲ್ಲಿಡುವ ಆಕ್ಚುಯೇಟರ್ ರಾಡ್ ಹಿಡಿದು ಎತ್ತಬೇಡಿ. ಅದರ ಅಳತೆ ತಪ್ಪಿದರೆ ಬೇರೆಯೇ ತಲೆನೋವು. ತೂತುಗಳ ಪ್ಲಾಸ್ಟಿಕ್ ಮುಚ್ಚಳ ಕೊನೆಯವರೆಗೂ ಇರಲಿ. ಆದರೆ ತೆಗೆಯಲು ಮರೆಯಬೇಡಿ. ನಗಬೇಡಿ, ಮುಚ್ಚಳ ಸಮೇತ ಪೈಪ್ ಬಿಗಿದ ಕಾರು ನಮ್ಮಲ್ಲಿಗೆ ಬಂದಿದೆ.

ಟರ್ಬೋವನ್ನು ಮೇಜಿನ ಮೇಲೆ, ಆಯಿಲ್ ಒಳಹೋಗುವ ತೂತು ಮೇಲೆ ಬರುವಂತೆ ಇಡಿ. ಎಂಜಿನ್ನಿಗೆ ಹಾಕುವ ಆಯಿಲನ್ನೇ, ಹೊಸ ಡಬ್ಬಿಯಿಂದ, ತೂತಿಗೆ ನಿಧಾನ ಬಿಡಿ. ಮೆಡಿಕಲ್ ಅಂಗಡಿಯ 20 ಮಿಲಿಲೀಟರಿನ ಸಿರಿಂಜ್ ಇದಕ್ಕೆ ಬಹಳ ಒಳ್ಳೆಯದು, ಸೂಜಿ ಬೇಡ. ಆಯಿಲ್ ಬಿಡುತ್ತಾ ಇನ್ನೊಂದು ಕೈಯಿಂದ ಗಾಳಿ ಚಕ್ರವನ್ನು ಮೆಲ್ಲ ತಿರುಗಿಸಿ. ಮೊದಲು ಸಲೀಸಾಗಿ ತಿರುಗುತ್ತದೆ. ಆಯಿಲ್ ಬುಷ್ಷಿಗೆ ಹೋದ ಮೇಲೆ ಬೆರಳಿಗೆ ಜಿಡ್ಡಿನ ಒಂದು ಸಣ್ಣ ಹಿಡಿತ ಗೊತ್ತಾಗುತ್ತದೆ. ಕೆಳಗಿನ ತೂತಿನಿಂದ ಗುಳ್ಳೆ ಇಲ್ಲದೆ ಆಯಿಲ್ ಇಳಿಯುವವರೆಗೂ ಬಿಡದೆ ಮಾಡಿ. ಕಂಪ್ರೆಸರ್ ಗಾಳಿ ಹೊಡೆದು ಚಕ್ರ ತಿರುಗಿಸುವ ಹುಚ್ಚು ಕೆಲವರಿಗಿದೆ. ಒಣ ಟರ್ಬೋ ಆ ಗಾಳಿಗೇ ಸಾವಿರಗಟ್ಟಲೆ ಸುತ್ತು ತಿರುಗುತ್ತದೆ, ಪ್ರೈಮಿಂಗ್ ಮಾಡುವ ಮೊದಲೇ ಕೆಲಸ ಕೆಟ್ಟಿತು.

ಆಯಿಲ್ ಬದಲು ಗ್ರೀಸ್ ಹಾಕಬಹುದಾ ಎಂದು ಕೇಳುತ್ತಾರೆ. ಕೂಳೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ನಾನೇ ಒಮ್ಮೆ ಹಾಕಿದ್ದೆ, ಜಾಸ್ತಿ ಜಾರಲಿ ಎಂದು. ಉಸ್ತಾದ್ ನೋಡಿದ್ದರಿಂದ ಉಳಿಯಿತು. ಗ್ರೀಸ್ ಆ ಸಣ್ಣ ದಾರಿಗಳನ್ನು ಕಟ್ಟುತ್ತದೆ, ಹಿಂದಿನಿಂದ ಆಯಿಲ್ ಬರಲು ಬಿಡುವುದಿಲ್ಲ. ಇಡೀ ಕೋರ್ ಡೀಸೆಲಿನಲ್ಲಿ ತೊಳೆಸಿದರು, ಮಧ್ಯಾಹ್ನದ ಊಟವೂ ತಪ್ಪಿತು.

ಟರ್ಬೋ ಕೂರಿಸಿದ ಮೇಲೆ ಆಯಿಲ್ ಪೈಪಿನ ಟರ್ಬೋ ಕಡೆಯ ತುದಿಯನ್ನು ಕೂಡಲೇ ಜೋಡಿಸಬೇಡಿ. ಅದನ್ನು ಒಂದು ಖಾಲಿ ಬಾಟ್ಲಿಗೆ ಬಿಡಿ. ಈಗ ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಬೇಕು. ಈ ಕಾರಿನಲ್ಲಿ ಡೀಸೆಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರಿನ ವಯರ್ ಪ್ಲಗ್ ಕಳಚಿದೆವು. ಪೆಟ್ರೋಲ್ ಟರ್ಬೋ ಆದರೆ ಇಂಧನ ಪಂಪಿನ ಫ್ಯೂಸ್ ಮತ್ತು ಕಾಯಿಲ್ ಪ್ಲಗ್. ಡೀಸೆಲಿನಲ್ಲಿ ಹೈ ಪ್ರೆಶರ್ ಪೈಪನ್ನು ಸಡಿಲಿಸಿ ನಿಲ್ಲಿಸಲು ಹೋಗಲೇಬೇಡಿ. ಅದರೊಳಗಿನ ಒತ್ತಡ 1,600 ಬಾರ್ ವರೆಗೂ ಹೋಗುತ್ತದೆ, ಚರ್ಮ ಸೀಳುತ್ತದೆ.

ಗೇರ್ ನ್ಯೂಟ್ರಲ್. ಸೆಲ್ಫ್ 10 ಸೆಕೆಂಡ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಕಾದು ಸುಡುತ್ತದೆ. ಹೊಸ ಫಿಲ್ಟರ್ ಖಾಲಿ ಇರುವುದರಿಂದ ಮೊದಲ ಸಲ ಏನೂ ಬರದಿರಬಹುದು. ಎರಡು-ಮೂರನೇ ಸಲಕ್ಕೆ ಆಯಿಲ್ ಉಗುಳಿ ಉಗುಳಿ, ಆಮೇಲೆ ಒಂದೇ ಸಮನೆ ಬರಬೇಕು. ಐದಾರು ಸಲ ಹೊಡೆದರೂ ಹನಿ ಹನಿಯೇ ಬರುತ್ತಿದ್ದರೆ ನಿಲ್ಲಿಸಿ. ಪೈಪ್ ಹೊಸದು ತಾನೇ? ಹಾಗಾದರೆ ತೊಂದರೆ ಅದರ ಹಿಂದಿದೆ: ಬ್ಯಾಂಜೋ ಬೋಲ್ಟಿನ ಜಾಲರಿ, ತಪ್ಪಾಗಿ ಕೂತ ಫಿಲ್ಟರ್, ಸ್ಟ್ರೈನರ್, ಕೊನೆಗೆ ಪಂಪ್. ಬೋರ್ಡಿನಲ್ಲಿ ಆಯಿಲ್ ಲೈಟ್ ಆರಿದೆ ಎಂಬ ಧೈರ್ಯ ಸಾಲದು. ಆ ಲೈಟಿನ ಸ್ವಿಚ್ ಇರುವುದು ಎಂಜಿನ್ನಿನಲ್ಲಿ, ಟರ್ಬೋದ ಬಾಯಲ್ಲಿ ಅಲ್ಲ. ಮಾಸ್ಟ್ರ ಕಾರಿನಲ್ಲೂ ಲೈಟ್ ಒಮ್ಮೆಯೂ ಹತ್ತಿರಲಿಲ್ಲ.

ಧಾರೆ ಸರಿ ಬಂದ ಮೇಲೆ ಹೊಸ ತಾಮ್ರದ ವಾಷರ್ ಹಾಕಿ ಪೈಪ್ ಜೋಡಿಸಿ. ಇನ್ನೆರಡು ಸಲ ಸೆಲ್ಫ್ ಹೊಡೆಯಿರಿ, ಆಯಿಲ್ ಕೋರಿನೊಳಗೆ ಸುತ್ತಿ ಇಳಿಯಲಿ. ಆಯಿಲ್ ಮಟ್ಟ ನೋಡಿ, ಬಾಟ್ಲಿಗೆ ಹೋದಷ್ಟನ್ನು ತುಂಬಿ.

ಸ್ಟಾರ್ಟ್ ಮಾಡುವ ಮೊದಲು ಇಂಟರ್‌ಕೂಲರ್

ಇದನ್ನು ಬಿಟ್ಟವರು ಹೆದರಿದ್ದನ್ನು ನೋಡಿದ್ದೇನೆ. ಹಳೆಯ ಟರ್ಬೋ ಉಗುಳಿದ ಆಯಿಲ್ ಇಂಟರ್‌ಕೂಲರಿನ (ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ತಳದಲ್ಲಿ ನಿಂತಿರುತ್ತದೆ. ಮಾಸ್ಟ್ರ ಕಾರಿನದರಿಂದ ಒಂದು ಲೋಟದಷ್ಟು ಬಂತು. ಡೀಸೆಲ್ ಎಂಜಿನ್ ಆ ಆಯಿಲನ್ನು ಎಳೆದುಕೊಂಡರೆ ಅದನ್ನೇ ಇಂಧನವಾಗಿ ಉರಿಸಿ ತನ್ನಷ್ಟಕ್ಕೆ ರೇಸ್ ಏರುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನ್ಯುವಲ್ ಗೇರಿನ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ದೊಡ್ಡ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಬೇಕು. ಮುಂದೆ ಯಾರೂ ನಿಂತಿರಬಾರದು. ಇಂಟರ್‌ಕೂಲರ್ ಇಳಿಸಿ ತೊಳೆದು ಒಣಗಿಸಿಯೇ ಹಾಕಿ. ಒಡೆದ ರೆಕ್ಕೆಯ ಚೂರು ಇದ್ದರೂ ಆಗಲೇ ಸಿಗುತ್ತದೆ.

ಆಮೇಲೆ ಇಂಜೆಕ್ಟರ್ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಕಾಲು ಎಕ್ಸಲೇಟರಿನಿಂದ ದೂರ ಇರಲಿ. ಐದು ನಿಮಿಷ ಐಡಲಿಂಗ್, ಅಷ್ಟರಲ್ಲಿ ಟಾರ್ಚ್ ಹಿಡಿದು ಎಲ್ಲ ಜಾಯಿಂಟ್ ನೋಡಿ. ಹೊಗೆ ಬರುತ್ತದೆ. ಸೈಲೆನ್ಸರಿನಲ್ಲಿ ಉಳಿದ ಹಳೆಯ ಆಯಿಲ್ ಉರಿಯುವುದು ಅದು. ಸ್ವಲ್ಪ ದೂರ ಓಡಿಸಿದ ಮೇಲೆ ಕಡಿಮೆಯಾಗುತ್ತಾ ಬಂದರೆ ಚಿಂತೆಯಿಲ್ಲ, ಹೆಚ್ಚಾಗುತ್ತಾ ಹೋದರೆ ಮತ್ತೆ ರಿಟರ್ನ್ ಪೈಪ್ ನೋಡಿ. ಪ್ಲಗ್ ಕಳಚಿ ಸೆಲ್ಫ್ ಹೊಡೆದದ್ದಕ್ಕೆ ಚೆಕ್ ಲೈಟ್ ಹತ್ತಿರಬಹುದು, ಸ್ಕ್ಯಾನರ್ ಹಾಕಿ ತೆಗೆದರಾಯಿತು. ಮೊದಲ ದಿನ ಮಣಿಪಾಲದ ಏರಿನಲ್ಲಿ ಪಿಕಪ್ ಪರೀಕ್ಷೆ ಮಾಡಬೇಡಿ. ನಾವು ಹೈವೇಯಲ್ಲಿ ನಿಧಾನಕ್ಕೆ ಬ್ರಹ್ಮಾವರದವರೆಗೆ ಹೋಗಿ ಬಂದು, ತಣಿದ ಮೇಲೆ ಆಯಿಲ್ ಮಟ್ಟ ಇನ್ನೊಮ್ಮೆ ನೋಡಿದೆವು.

ಮಾಸ್ಟ್ರು ಮೊನ್ನೆ ಬಂದಿದ್ದರು, 6,000 ಕಿಲೋಮೀಟರ್ ಆಗಿತ್ತು. ಹೋಸ್ ತೆಗೆದು ಚಕ್ರ ಅಲ್ಲಾಡಿಸಿದೆ, ಹೊಸದರಂತೆಯೇ ಇದೆ. ಆಗುಂಬೆಯಲ್ಲಿ ಈಗ ಎರಡು ನಿಮಿಷ ಎಂಜಿನ್ ಬಿಟ್ಟೇ ಕೂರುತ್ತಾರಂತೆ, ಹೆಂಡತಿ ಮೊದಲೇ ಇಳಿದು ಹೋಗುತ್ತಾರಂತೆ. ಹೋಗುವಾಗ ಕತ್ತರಿಸಿದ ಆ ಹಳೆಯ ಪೈಪಿನ ತುಂಡು ಇದೆಯಾ ಎಂದು ಕೇಳಿದರು. ಕಪಾಟಿನಲ್ಲೇ ಇತ್ತು. ಮೊದಲು ಟರ್ಬೋ ಹಾಕಿದವರಿಗೆ ತೋರಿಸಬೇಕಂತೆ. ಪೇಪರಿನಲ್ಲಿ ಸುತ್ತಿ ಕೊಟ್ಟೆ.